ಹದಿನೇಳನ್ನು ಒತ್ತಿ

ಬೆಳಗ್ಗೆ ಎಂಟಕ್ಕೆ ಇಪ್ಪತ್ತಾರು ಕಂಠಗಳನ್ನು
ಚಾರ್ಜರಿನಿಂದ ಬಿಡಿಸುತ್ತೇನೆ.
ಕಿವಿಗಿಡುವ ಜಾಗವನ್ನು ಸ್ಪಿರಿಟ್ಟಿನ ಹತ್ತಿಯಿಂದ ಒರೆಸಿ
ಟಿಕೆಟ್ ಕಿಟಕಿಯ ಹಲಗೆಯ ಮೇಲೆ ಸಾಲಾಗಿ ಮಲಗಿಸುತ್ತೇನೆ.
ಐದು ದಿನಾರು; ಒತ್ತೆಗೆ ಒಂದು ಗುರುತಿನ ಚೀಟಿ.
ಕೊರಳಿಗೆ ಹಾಕಿಕೊಳ್ಳಿ, ಕಲ್ಲಿನ ಪಕ್ಕದ ಅಂಕಿ ನೋಡಿ,
ಅದನ್ನೇ ಇಲ್ಲಿ ಒತ್ತಿ, ಅಷ್ಟೆ,
ದುಗ್ಗಾ ತಾನೇ ಬಾಯಿ ಬಿಡುತ್ತದೆ.

ಎರಡು: ರಂಗಮಂದಿರ. ಮೂರೂವರೆ ಸಾವಿರ ಮಂದಿ ಕೂರುತ್ತಿದ್ದರಂತೆ.
ಈಗ ಕೂತಿರುವವನು ಕಾವಲಿನ ಖ್ಮೈಸ್ ಒಬ್ಬನೇ,
ಬೇಯಿಸಿದ ಮೊಟ್ಟೆ ಸುಲಿಯುತ್ತ.
ಆರು: ಗಾಳಿಗಳ ಚೌಕ. ಹನ್ನೆರಡು ಗಾಳಿಗಳ ಹೆಸರು
ಹಾಸುಗಲ್ಲಿನಲ್ಲಿ ಸುತ್ತಲೂ ಕೊರೆದಿದೆ;
ಬೇಸಿಗೆಯಲ್ಲಿ ಬಂದು ಹಲ್ಲಿನ ಸಂದಿಗೆಲ್ಲ ಮರಳು ತುಂಬುವ ನಮ್ಮ ಶೆಹೀಲಿ
ಅದರಲ್ಲಿ ಯಾವುದೋ, ಕಂಠ ಹೇಳುವುದಿಲ್ಲ.
ಹನ್ನೊಂದು: ಕುದುರೆಲಾಳದ ಆಕಾರದ ಕಕ್ಕಸು,
ಹನ್ನೆರಡು ತೂತು, ಎದುರುಬದುರು.
ಅಲ್ಲಿ ಎಲ್ಲರೂ ಕೂತು ಫೋಟೊ ತೆಗೆಸಿಕೊಳ್ಳುತ್ತಾರೆ,
ನ್ಯಾಯಾಧೀಶರಂಥ ಮುಖದವರೂ.

ತೊಡಕು ಹದಿನೇಳರಲ್ಲಿ.
"ಮುಂದಿರುವ ಅಂಜೂರದ ಮರದ ಬಳಿ... ಎಡಕ್ಕೆ ತಿರುಗಿ,"
ಎನ್ನುತ್ತಾನೆ ಫ್ರೆಂಚ್ ಮಹಾಶಯ, ನೆಗಡಿಯಾದ ಮೂಗಿನಲ್ಲಿ.
ಮರ ಬಿದ್ದು ಎರಡು ಚಳಿಗಾಲವಾಯಿತು.
ಖ್ಮೈಸ್‌ನ ಒಲೆ ಅದನ್ನು ಕೆಮ್ಮುತ್ತ ಕೆಮ್ಮುತ್ತ ತಿಂದು ಮುಗಿಸಿತು.
ತೂನಿಸ್‌ನ ಇಲಾಖೆಗೆ ಮೂರು ಕಾಗದ ಬರೆದೆ:
ಮರವಿಲ್ಲ, ವಾಕ್ಯ ಬದಲಿಸಿ.
ಅಲ್ಲಿಯೂ ಯಾರೋ ಯಾವುದೋ ಅಂಕಿ ಒತ್ತಿ ಕಾಯುತ್ತಿರಬೇಕು.

ಹಾಗಾಗಿ ಜನ, ಇಲ್ಲದ ಮರವನ್ನು ಹುಡುಕುತ್ತ
ಕೆಳಗಿನ ಓಣಿಗೆ ಇಳಿದುಬಿಡುತ್ತಾರೆ,
ಅಂಕಿಯಿಲ್ಲದ, ಸೂರಿಲ್ಲದ ಒಂದು ಕೋಣೆಗೆ.
ಮೂಲೆಯ ಗೋಡೆ ಆಳೆತ್ತರ ಕಪ್ಪು.
ರೋಮನ್ನರ ಹೊಗೆಯೆಂದು ಬಗ್ಗಿ ಬಗ್ಗಿ ಚಿತ್ರ ಹಿಡಿಯುತ್ತಾರೆ.
ಅದು ನನ್ನ ಮುತ್ತಜ್ಜಿ ರೊಟ್ಟಿ ಸುಟ್ಟ ಹೊಗೆ.
ಅಜ್ಜಿ ಮಬ್ರೂಕಾ ಹುಟ್ಟಿದ್ದು ಆ ಮೂಲೆಯಲ್ಲೇ,
ಉರುಳಿಬಿದ್ದ ಕಂಬದ ತಲೆಯನ್ನು ಮಣೆ ಮಾಡಿಕೊಂಡು ಬೆಳೆದಳು;
ಆಮೇಲೆ ಅಗೆಯುವವರು ಬಂದರು, ಕೆಳಗೆ ಬಯಲಿನಲ್ಲಿ
ಗೆರೆ ಹೊಡೆದ ಹೊಸ ಊರು ಕೊಟ್ಟರು.
ಅದಕ್ಕೂ ಅಂಕಿಗಳಿವೆ. ನಮ್ಮ ಮನೆ ನಲವತ್ತೊಂದು.

ನವೆಂಬರಿನಲ್ಲಿ ಕಂಬಗಳ ನಡುವಿನ ಆಲಿವ್ ಬಿಡಿಸಲು ಅವಳೂ ಬಂದಳು.
ಉಣ್ಣುವ ಹೊತ್ತಿಗೆ ಕಿಟಕಿಗೆ ಮೊಣಕೈ ಊರಿ,
"ಎಲ್ಲಿ, ಆ ಜಾಣನನ್ನು ಇತ್ತ ಕೊಡು," ಎಂದಳು.
ತಲೆವಸ್ತ್ರದ ಮೇಲೆಯೇ ಕಿವಿಗಿಟ್ಟೆ. ಹದಿನೇಳನ್ನು ಒತ್ತಿದೆ.
ವೈದ್ಯರ ಮುಂದೆ ಕೂತವಳಂತೆ ಕೇಳಿದಳು, ಒಂದು ಪದ ತಿಳಿಯದೆ.
ಥಟ್ಟನೆ ಕೈ ಎತ್ತಿದಳು. "ಮತ್ತೆ ಹಾಕು."
ಮತ್ತೆ. ಮತ್ತೆ.
"ಯಾರೋ ಇವನು? ನನ್ನ ಮಾತಿನ ನಡುವೆ ಬಾಯಿ ಹಾಕುತ್ತಾನೆ!"

ಸಾವಿರ ಸಲ ಕೇಳಿದ್ದೆ. ಕೇಳಿರಲಿಲ್ಲ.
"ಮರದ ಬಳಿ" ಆದ ಮೇಲೆ, "ಎಡಕ್ಕೆ" ಬರುವ ಮೊದಲು
ಮಹಾಶಯ ಉಸಿರೆಳೆದುಕೊಳ್ಳುವಷ್ಟು ತೆರಪು;
ಅದರೊಳಗೆ, ದೂರದಲ್ಲಿ,
ಹದಿನೈದು ವರ್ಷ ಹಿಂದಿನ ಗಂಟಲೊಂದು
ನಮ್ಮ ಅರಬ್ಬಿಯಲ್ಲಿ ಕೂಗುತ್ತದೆ:
"ಇಳಿಯೇ ಕೆಳಗೆ, ನಿನ್ನ ಮನೆ ಹಾಳಾಗ!"
ಹಿಂದೆಯೇ ಕಲ್ಲು ಉರುಳಿದ ಸದ್ದು, ಪುಟ್ಟದು.

ಅವಳ ಮುಖ ನೋಡಿದೆ, ಏನಾದರೂ ಹೇಳಿಯಾಳೆಂದು.
"ಆ ಕರಿ ಆಡು," ಎಂದಳು. "ಎಡಗೊಂಬು ಮುರಿದದ್ದು.
ಅವತ್ತು ಸಂಜೆಯಾದರೂ ಇಳಿಯಲಿಲ್ಲ."
ಕಂಠವನ್ನು ನನ್ನ ಕೈಗಿಟ್ಟು ಏಣಿಯತ್ತ ಹೋದಳು.
ಹತ್ತಿಯಲ್ಲಿ ಒರೆಸಿದೆ;
ಆಲಿವ್ ಕಾಯಿಯ ಜಿಡ್ಡು ಪೂರ್ತಿ ಹೋಗಲಿಲ್ಲ.

ನಾಲ್ಕನೆಯ ಕಾಗದ ಬರೆದು ಮುಗಿಸಿದ್ದೆ.
ಈಗದು ಮೇಜಿನ ಕುಂಟುಕಾಲಿನ ಕೆಳಗೆ ಮಡಚಿಕೊಂಡಿದೆ.
ದಿನಕ್ಕೊಬ್ಬರಾದರೂ ಬಂದು
ಬೆವರಿದ ಕಂಠವನ್ನು ಹಲಗೆಯ ಮೇಲಿಟ್ಟು ದೂರುತ್ತಾರೆ:
ಹದಿನೇಳರಲ್ಲಿ ಮರವೇ ಇಲ್ಲವಲ್ಲ.
ಇಲ್ಲ ಮದಾಮ್, ಎನ್ನುತ್ತೇನೆ, ಗುರುತಿನ ಚೀಟಿ ಮರಳಿಸುತ್ತೇನೆ.
ಆಡು ಕಂಡಿತೇ ಎಂದು
ಕೇಳಬೇಕೆನಿಸುತ್ತದೆ. ಕೇಳುವುದಿಲ್ಲ.